ಬಿಸಿ ಹೋಗುವ ದಾರಿ

ಹಳೆಯ ಫೋರ್ಡ್ ಫ್ಲಾಟ್‌ಹೆಡ್ ವಿ-8 ಎಂಜಿನ್ ಕೊಳ್ಳಲು ಹೊರಟವರು ಮೊದಲು ಹುಡುಕುವುದು ಬಿರುಕನ್ನು. ಎಂಜಿನ್ ಚಾಲೂ ಆಗುತ್ತದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಬ್ಲಾಕನ್ನು ಪೂರ್ತಿ ಬಿಚ್ಚಿ, ಕಾಸ್ಟಿಕ್ ದ್ರಾವಣದಲ್ಲಿ ಅದ್ದಿ, ದಶಕಗಳ ಎಣ್ಣೆಕಿಟ್ಟ ಕಳೆದ ಮೇಲೆ ಅದಕ್ಕೆ ಬಲವಾದ ವಿದ್ಯುತ್ಕಾಂತ ಹಿಡಿಯುತ್ತಾರೆ. ನಯವಾದ ಕಬ್ಬಿಣದ ಪುಡಿ ಉದುರಿಸುತ್ತಾರೆ. ಲೋಹ ಅಖಂಡವಾಗಿದ್ದರೆ ಕಾಂತರೇಖೆಗಳು ಒಳಗೊಳಗೇ ಹರಿದು ಹೋಗುತ್ತವೆ, ಪುಡಿಯನ್ನು ಊದಿದರೆ ಹಾರಿಹೋಗುತ್ತದೆ. ಬಿರುಕಿದ್ದರೆ ಆ ಸಂದಿನಲ್ಲಿ ಕಾಂತರೇಖೆಗಳು ಹೊರಗೆ ಉಬ್ಬಿಕೊಳ್ಳುತ್ತವೆ. ಪುಡಿ ಅಲ್ಲಿಗೇ ಹೋಗಿ ಅಂಟುತ್ತದೆ. ಕಣ್ಣಿಗೆ ಕಾಣದಿದ್ದ ಬಿರುಕು ಕೂದಲೆಳೆಯ ಗೆರೆಯಾಗಿ ಎದ್ದು ನಿಲ್ಲುತ್ತದೆ. ಈ ಗೆರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಮೂಡುತ್ತದೆ: ಎಕ್ಸಾಸ್ಟ್ ವಾಲ್ವ್ ಕೂರುವ ಸೀಟಿನಿಂದ ಹೊರಟು ಸಿಲಿಂಡರಿನ ಕಡೆಗೆ.

ಅಲ್ಲೇ ಯಾಕೆ ಎಂದು ಕೇಳಿದರೆ 1932ಕ್ಕೆ ಹೋಗಬೇಕಾಗುತ್ತದೆ.

ಆ ವರ್ಷದ ಮಾರ್ಚ್ 31ರಂದು ಹೆನ್ರಿ ಫೋರ್ಡ್ ತನ್ನ ಹೊಸ ಕಾರನ್ನು ಜನರ ಮುಂದಿಟ್ಟ. ಅಮೆರಿಕ ಆಗ ಮಹಾ ಆರ್ಥಿಕ ಕುಸಿತದ ತಳದಲ್ಲಿತ್ತು. ಎಂಟು ಸಿಲಿಂಡರಿನ ವಿ-ಆಕಾರದ ಎಂಜಿನ್ ಹೊಸದೇನಲ್ಲ. ಕ್ಯಾಡಿಲಾಕ್ 1914ರಲ್ಲೇ ಮಾರಾಟಕ್ಕಿಟ್ಟಿತ್ತು. ಆದರೆ ಅದು ಸಿರಿವಂತರ ಸೊತ್ತು, ಬಿಡಿಬಿಡಿ ಎರಕಗಳನ್ನು ಬೋಲ್ಟು ಹಾಕಿ ಜೋಡಿಸಿದ ದುಬಾರಿ ಯಂತ್ರ. ಎರಡು ಸಾಲು ಸಿಲಿಂಡರು, ಕ್ರ್ಯಾಂಕ್‌ಕೇಸು ಎಲ್ಲವನ್ನೂ ಒಂದೇ ಎರಕದಲ್ಲಿ ಹೊಯ್ದು, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಿಸಿ, ಐನೂರು ಡಾಲರಿನೊಳಗೆ ಇಡೀ ಕಾರನ್ನೇ ಕೊಡಬೇಕೆಂಬುದು ಫೋರ್ಡನ ಹಟ. ಅತಿ ಅಗ್ಗದ ವಿ-8 ರೋಡ್‌ಸ್ಟರಿನ ಬೆಲೆ 460 ಡಾಲರ್. ಎಂಜಿನ್ನಿನ ಗಾತ್ರ 221 ಘನ ಇಂಚು, ಅಂದರೆ 3.6 ಲೀಟರ್. ಶಕ್ತಿ 65 ಹಾರ್ಸ್‌ಪವರ್. ಇಂದು ನಮ್ಮ ರಸ್ತೆಗಳಲ್ಲಿ ಓಡುವ 1.2 ಲೀಟರಿನ ಸಣ್ಣ ಕಾರುಗಳೂ 80ರ ಆಸುಪಾಸಿನಲ್ಲಿರುವಾಗ ಇದು ನಗು ತರಿಸುವ ಅಂಕಿ. ಆದರೆ ಅದೇ ವರ್ಷ ಫೋರ್ಡ್ ಕಂಪನಿಯೇ ಮಾರುತ್ತಿದ್ದ ನಾಲ್ಕು ಸಿಲಿಂಡರಿನ ಎಂಜಿನ್ನಿನ ಶಕ್ತಿ 50 ಎಚ್‌ಪಿ.

ಈ ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ತಲೆಯ ಮೇಲಿಲ್ಲ, ಪಕ್ಕದಲ್ಲಿ, ಬ್ಲಾಕಿನೊಳಗೇ ತಲೆ ಮೇಲಾಗಿ ನಿಂತಿವೆ. ಹಾಗಾಗಿ ಮೇಲಿನ ಹೆಡ್ಡಿನಲ್ಲಿ ಚಲಿಸುವ ಭಾಗವೇ ಇಲ್ಲ. ಅದು ಸ್ಪಾರ್ಕ್ ಪ್ಲಗ್ ಹೊತ್ತ ಒಂದು ಚಪ್ಪಟೆ ಮುಚ್ಚಳ. ಎರಡೂ ಸಾಲಿನ ವಾಲ್ವುಗಳು ವಿ-ಯ ಒಳಮಗ್ಗುಲಲ್ಲಿವೆ, ಒಂದೇ ಕ್ಯಾಮ್‌ಶಾಫ್ಟ್ ಎಲ್ಲವನ್ನೂ ನಡೆಸುತ್ತದೆ. ಅಗ್ಗಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸೈಲೆನ್ಸರಿಗೆ ಹೋಗುವ ಕೊಳವೆ ಮಾತ್ರ ಹೊರಮಗ್ಗುಲಲ್ಲಿರಬೇಕು. ಉರಿದ ಅನಿಲ ಒಳಗಿನಿಂದ ಹೊರಗೆ ಬರಲು ಸಿಲಿಂಡರುಗಳ ಸಂದಿನಲ್ಲಿ, ಅವುಗಳ ಸುತ್ತ ನಿಂತ ನೀರಿನ ನಡುವೆಯೇ ಬ್ಲಾಕನ್ನು ಹಾದು ಹೋಗಬೇಕು. ಸಾಲದ್ದಕ್ಕೆ ಪ್ರತಿ ಸಾಲಿನ ನಡುವಿನ ಎರಡು ಸಿಲಿಂಡರುಗಳಿಗೆ ಸೇರಿ ಒಂದೇ ದಾರಿ. ಎಂಟು ಸಿಲಿಂಡರಿದ್ದರೂ ಹೊರಬಾಗಿಲು ಆರೇ.

ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಇಂಥ ಎಂಜಿನ್ ಕೆಲಸಕ್ಕೆ ಹಚ್ಚುವುದು ಹೆಚ್ಚೆಂದರೆ ಕಾಲುಭಾಗ. ಉಳಿದದ್ದು ಬಿಸಿ. ಅದು ಹೊಗೆಯ ಜೊತೆ ಹೋಗಬೇಕು, ಇಲ್ಲವೇ ನೀರಿಗೆ ಇಳಿದು ರೇಡಿಯೇಟರಿನಲ್ಲಿ ಗಾಳಿಗೆ ಸೇರಬೇಕು. ಫ್ಲಾಟ್‌ಹೆಡ್ಡಿನಲ್ಲಿ ಹೊಗೆಯ ಪಾಲಿನ ಬಿಸಿಯೂ ಹೊರಹೋಗುವ ದಾರಿಯಲ್ಲಿ ನೀರಿಗೇ ಸೇರಿಕೊಳ್ಳುತ್ತದೆ. ವಾಲ್ವ್ ಸೀಟಿನ ಒಂದು ಮಗ್ಗುಲು ಬೆಂಕಿ, ಇನ್ನೊಂದು ಮಗ್ಗುಲು ನೀರು. ಬಿಸಿಯಾದ ಜಾಗ ಹಿಗ್ಗಲು ನೋಡುತ್ತದೆ, ತಣ್ಣಗಿರುವ ನೆರೆ ಬಿಡುವುದಿಲ್ಲ. ಎರಕದ ಕಬ್ಬಿಣದಲ್ಲಿ ಶೇಕಡ 3ಕ್ಕೂ ಮಿಕ್ಕಿ ಇಂಗಾಲವಿದೆ. ಅದರ ಬಹುಪಾಲು ಗ್ರಾಫೈಟಿನ ಸಣ್ಣ ಹಾಳೆಗಳಾಗಿ ಲೋಹದ ತುಂಬ ಹರಡಿರುತ್ತದೆ. ಅದುಮಿದರೆ ಈ ಲೋಹ ಬಂಡೆ. ಎಳೆದರೆ ಪ್ರತಿ ಗ್ರಾಫೈಟ್ ಹಾಳೆಯ ಅಂಚೂ ಬಿರುಕಿಗೆ ಮುಹೂರ್ತ. ಸಾವಿರಾರು ಸಲ ಕಾದು ಸಾವಿರಾರು ಸಲ ತಣಿದ ಬ್ಲಾಕು ಕೊನೆಗೆ ಅಲ್ಲಿ ಸೀಳುವುದರಲ್ಲಿ ಆಶ್ಚರ್ಯವೇನಿಲ್ಲ.

ಸೀಳಿದ್ದನ್ನು ಸರಿಪಡಿಸಲು ಎರಡು ದಾರಿಗಳಿವೆ. ಇಡೀ ಬ್ಲಾಕನ್ನು ಕುಲುಮೆಯಲ್ಲಿ ಕಾಯಿಸಿ, ಬಿಸಿಯಿರುವಾಗಲೇ ಬೆಸೆದು, ಬಹಳ ನಿಧಾನವಾಗಿ ತಣಿಸುವುದು ಒಂದು. ಬಿರುಕಿನುದ್ದಕ್ಕೂ ಒಂದಕ್ಕೊಂದು ತಾಗುವಂತೆ ರಂಧ್ರ ಕೊರೆದು, ಮರೆ ಹಾಕಿ, ಲೋಹದ ಪಿನ್ನುಗಳನ್ನು ತಿರುಗಿಸಿ ಕೂರಿಸಿ ತಣ್ಣಗೇ ಹೊಲಿಯುವುದು ಇನ್ನೊಂದು. ಎರಡನೆಯದು ನನಗೆ ಹೆಚ್ಚು ಬುದ್ಧಿವಂತಿಕೆಯ ಕೆಲಸವಾಗಿ ಕಾಣುತ್ತದೆ. ಬಿಸಿಯಿಂದ ಕೆಟ್ಟದ್ದನ್ನು ಮತ್ತೆ ಬಿಸಿ ಮಾಡದೆಯೇ ರಿಪೇರಿ ಮಾಡುವುದು ಅದರಲ್ಲಿದೆ.

ಅಮೆರಿಕದಲ್ಲಿ ಫೋರ್ಡ್ ಈ ಜಾತಿಯ ಎಂಜಿನ್ನನ್ನು ಕಾರುಗಳಿಗೆ 1953ರವರೆಗೂ ಹಾಕಿತು. ಇಷ್ಟು ಸಂಖ್ಯೆಯಲ್ಲಿ ತಯಾರಾದ ಯಂತ್ರ ಹತ್ತು ವರ್ಷಕ್ಕೆ ಗುಜರಿಗೆ ಬರುತ್ತದೆ. ಗುಜರಿಯಲ್ಲಿ ಅದು ಹದಿನೆಂಟರ ಹುಡುಗರ ಕೈಗೆ ಸಿಗುತ್ತದೆ. ಹಳೆಯ ಕಾರನ್ನು ವೇಗಕ್ಕಾಗಿ ಮಾರ್ಪಡಿಸಿದ ಹಾಟ್ ರಾಡ್ ಹುಟ್ಟಿದ್ದು ಹೀಗೆ. ಹುಟ್ಟಿದ ಜಾಗ ದಕ್ಷಿಣ ಕ್ಯಾಲಿಫೋರ್ನಿಯ, ಅದರಲ್ಲೂ ಲಾಸ್ ಏಂಜಲಿಸಿನ ಈಶಾನ್ಯಕ್ಕಿರುವ ಮೊಹಾವಿ ಮರುಭೂಮಿಯ ಒಣಕೆರೆಗಳು: ಮ್ಯೂರಾಕ್, ಎಲ್ ಮಿರಾಜ್, ರೋಸಮಂಡ್. ಚಳಿಗಾಲದ ಮಳೆಗೆ ಈ ತಗ್ಗುಗಳಲ್ಲಿ ತೆಳ್ಳಗೆ ನೀರು ನಿಲ್ಲುತ್ತದೆ. ಗಾಳಿ ಆ ನೀರನ್ನು ಅತ್ತಿತ್ತ ತಳ್ಳಿ ಕೆಸರನ್ನು ಸವರುತ್ತದೆ. ಬೇಸಗೆಗೆ ಒಣಗಿದರೆ ಮೈಲಿಗಟ್ಟಲೆ ಸಪಾಟು ಜೇಡಿನೆಲ. 1937ರಲ್ಲಿ ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಮ್ಯೂರಾಕನ್ನು ಆಮೇಲೆ ಸೈನ್ಯ ತೆಗೆದುಕೊಂಡಿತು, ಅದೀಗ ಎಡ್ವರ್ಡ್ಸ್ ವಾಯುನೆಲೆಯ ಭಾಗ. ಎಲ್ ಮಿರಾಜಿನಲ್ಲಿ ಇಂದಿಗೂ ಓಟ ನಡೆಯುತ್ತದೆ. ಎರಡನೇ ಮಹಾಯುದ್ಧ ಮುಗಿಸಿ ಬಂದವರಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದ ಕೈಗಳಿದ್ದವು. ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಹೆಚ್ಚುವರಿ ಇಂಧನ ತೊಟ್ಟಿಯನ್ನೇ ಕಾರಿನ ಬಾಡಿ ಮಾಡಿಕೊಂಡ. ಅಲೆಕ್ಸ್ ಸೈಡಿಯಸ್ 1946ರಲ್ಲಿ ಬರ್ಬ್ಯಾಂಕಿನಲ್ಲಿ ಸೋ-ಕ್ಯಾಲ್ ಸ್ಪೀಡ್ ಶಾಪ್ ತೆರೆದ. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಪತ್ರಿಕೆ ಹೊರತಂದ. 1949ರ ಆಗಸ್ಟಿನಲ್ಲಿ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಮೊದಲ ಸ್ಪೀಡ್ ವೀಕ್ ನಡೆಯಿತು.

ಇವರೆಲ್ಲರ ಕಣ್ಣಿದ್ದದ್ದು 1932ರ ಮಾದರಿಯ ಮೇಲೆ. ‘ಡ್ಯೂಸ್’ ಎಂದು ಅದಕ್ಕೆ ಅಡ್ಡಹೆಸರು. ಅದರಲ್ಲಿ ಮುಚ್ಚಿದ ಎರಡು ಬಾಗಿಲಿನ ಕೂಪೆಗಳಲ್ಲೇ ಎರಡು ಬಗೆ. ಮುಂದಿನ ಗಾಜನ್ನು ಬಿಟ್ಟು ಮೂರು ಕಿಟಕಿಯಿದ್ದರೆ ತ್ರೀ-ವಿಂಡೋ, ಬಾಗಿಲಿನ ಹಿಂದೆ ಇನ್ನೆರಡು ಪುಟ್ಟ ಕಿಟಕಿಯಿದ್ದರೆ ಫೈವ್-ವಿಂಡೋ. 1973ರ ‘ಅಮೆರಿಕನ್ ಗ್ರಫಿಟಿ’ ಚಿತ್ರದಲ್ಲಿ ಊರೆಲ್ಲ ಸುತ್ತುವ ಹಳದಿ ಕಾರು ಫೈವ್-ವಿಂಡೋ. ಇಂಥ ಒಂದು ಕೂಪೆಯನ್ನು ತುಕ್ಕು ಹಿಡಿದ ಬಾಡಿ ಮತ್ತು ಬಿರುಕಿಲ್ಲದ ಬ್ಲಾಕಿನಿಂದ ಶುರುಮಾಡಿ ರಸ್ತೆಗಿಳಿಸಲು ಹತ್ತು, ಹದಿನೈದು, ಇಪ್ಪತ್ತು ವರ್ಷ ತೆಗೆದುಕೊಂಡವರು ಬಹಳ. ದುಡ್ಡು, ಸಂಸಾರ, ನೌಕರಿ ಎಲ್ಲ ಅಡ್ಡ ಬರುತ್ತವೆ, ನಿಜ. ಆದರೆ ಕಾಲ ಹಿಡಿಯುವುದಕ್ಕೆ ವಸ್ತುವಿನೊಳಗೇ ಒಂದು ಕಾರಣವಿದೆ. ಎಂಜಿನ್ನಿನ ಶಕ್ತಿ ಹೆಚ್ಚಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭ. ಹೆಚ್ಚಿದ ಶಕ್ತಿ ಕೊನೆಗೆ ಎಲ್ಲೋ ಒಂದು ಕಡೆ ಬಿಸಿಯಾಗಿ ಹೊರಡಬೇಕಲ್ಲ, ಅದಕ್ಕೆ ದಾರಿ ಮಾಡಿಕೊಡುವುದರಲ್ಲಿ ವರ್ಷಗಳು ಹೋಗುತ್ತವೆ. ಬಾಡಿಯ ಕೆಲಸವಂತೂ ಮೊದಲಿನಿಂದ ಕೊನೆಯವರೆಗೆ ಬಿಸಿಯ ಜೊತೆಗಿನ ಚೌಕಾಸಿಯೇ.

ಸುಲಭದ್ದನ್ನು ಮೊದಲು ಮುಗಿಸೋಣ. ಸಿಲಿಂಡರನ್ನು ಬೋರ್ ಮಾಡಿ ಅಗಲಿಸುವುದು, 1949ರ ನಂತರದ ಮರ್ಕ್ಯುರಿ ಕಾರಿನ ನಾಲ್ಕಿಂಚು ಸ್ಟ್ರೋಕಿನ ಕ್ರ್ಯಾಂಕ್ ತಂದು ಹಾಕುವುದು. 3 5/16 ಇಂಚಿನ ಬೋರಿಗೆ ಈ ಕ್ರ್ಯಾಂಕ್ ಸೇರಿದರೆ 276 ಘನ ಇಂಚು, ನಾಲ್ಕೂವರೆ ಲೀಟರ್. ಆಮೇಲೆ ಹೆಚ್ಚು ಗಾಳಿ ನುಂಗುವಂತೆ ಎರಡು ಮೂರು ಕಾರ್ಬ್ಯುರೇಟರು, ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್. ವಿಕ್ ಎಡೆಲ್‌ಬ್ರಾಕ್ 1938ರಲ್ಲೇ ಎರಡು ಕಾರ್ಬ್ಯುರೇಟರ್ ಹೊರುವ ‘ಸ್ಲಿಂಗ್‌ಶಾಟ್’ ಮ್ಯಾನಿಫೋಲ್ಡ್ ತಯಾರಿಸಿದ್ದ. ಯುದ್ಧದ ನಂತರ ಎಡ್ ಇಸ್ಕೆಂಡೇರಿಯನ್ ಅರೆದುಕೊಟ್ಟ ಕ್ಯಾಮ್‌ಗಳು ಹೆಸರಾದವು.

ಕಂಪ್ರೆಷನ್ ಅನುಪಾತದ ಕಥೆ ಸ್ವಲ್ಪ ತೊಡಕಿನದು. 1932ರ ಎಂಜಿನ್ ಒಳಗೆಳೆದ ಗಾಳಿಯನ್ನು ಐದೂವರೆ ಪಟ್ಟು ಒತ್ತುತ್ತಿತ್ತು. ಉಷ್ಣಶಾಸ್ತ್ರದ ಆದರ್ಶ ಲೆಕ್ಕದಲ್ಲಿ 5.5 ಪಟ್ಟು ಒತ್ತಿದರೆ ಬಿಸಿಯ ಶೇಕಡ 49ರಷ್ಟು ಕೆಲಸವಾಗಬಹುದು, 8 ಪಟ್ಟು ಒತ್ತಿದರೆ 56ರಷ್ಟು. ನಿಜ ಎಂಜಿನ್ನುಗಳು ಇದರ ಅರ್ಧದ ಹತ್ತಿರದಲ್ಲೇ ನಿಲ್ಲುತ್ತವೆ, ಆದರೂ ಲಾಭದ ದಿಕ್ಕು ಅದೇ. ಹಾಗಿದ್ದರೆ ಹೆಡ್ಡನ್ನು ತರಿದು ಜಾಗ ಕಿರಿದು ಮಾಡಿದರಾಯಿತಲ್ಲ? ಫ್ಲಾಟ್‌ಹೆಡ್ ಅಷ್ಟು ಉದಾರಿಯಲ್ಲ. ಅನಿಲ ಪಕ್ಕದ ವಾಲ್ವಿನಿಂದ ಮೇಲೆದ್ದು, ಹೆಡ್ಡಿನ ಅಡಿಯಲ್ಲಿ ಅಡ್ಡಕ್ಕೆ ತೆವಳಿ, ಸಿಲಿಂಡರಿಗೆ ಇಳಿಯಬೇಕು. ಹೆಡ್ಡನ್ನು ಇಳಿಸಿದಷ್ಟೂ ಆ ಓಣಿ ಕಿರಿದಾಗುತ್ತದೆ. ಒತ್ತಡ ಗಳಿಸಿದರೆ ಉಸಿರು ಕಟ್ಟುತ್ತದೆ, ಉಸಿರು ಬಿಟ್ಟರೆ ಒತ್ತಡವಿಲ್ಲ. ಎಂಟರ ಆಚೆಗೆ ಹೋದಂತೆ ಕಳೆದುಕೊಳ್ಳುವುದೇ ಹೆಚ್ಚು. ವಾಲ್ವುಗಳನ್ನು ತಲೆಯ ಮೇಲಿಡುವುದೇ ಇದಕ್ಕೆ ಮದ್ದು. ಜೋರಾ ಅರ್ಕಸ್-ಡಂಟೋವ್ 1940ರ ದಶಕದ ಕೊನೆಯಲ್ಲಿ ಇದೇ ಬ್ಲಾಕಿಗೆ ಕೂರುವ ‘ಆರ್ಡನ್’ ಹೆಡ್ಡುಗಳನ್ನು ಮಾಡಿ ತೋರಿಸಿದ. ಅವು ಆಗಲೂ ದುಬಾರಿ, ಈಗಂತೂ ಕೇಳುವುದೇ ಬೇಡ.

ಕೆರೆಯ ಓಟಗಾರರು ಇನ್ನೊಂದು ಉಪಾಯ ಕಂಡುಕೊಂಡಿದ್ದರು: ಪೆಟ್ರೋಲಿನ ಬದಲು ಮೆಥನಾಲ್. ಒಂದು ಕಿಲೋ ಮೆಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಬಿಸಿ ಹೀರುತ್ತದೆ. ಜೊತೆಗೆ ಅದೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಮೆಥನಾಲ್ ಸುರಿಯಬೇಕು. ಹೀಗಾಗಿ ಒಳಬರುವ ಗಾಳಿ ಉರಿಯುವ ಮೊದಲೇ ತಣ್ಣಗಾಗಿ ದಟ್ಟವಾಗುತ್ತದೆ. ಬ್ಲಾಕಿನ ಬಿಸಿಯನ್ನು ಇಂಧನವೇ ಒಂದಿಷ್ಟು ಹೊತ್ತುಕೊಂಡಂತಾಯಿತು. ಒಂದೆರಡು ಮೈಲಿಯ ಓಟಕ್ಕೆ ಇದು ಸೊಗಸು, ಪೇಟೆಯ ಸಿಗ್ನಲ್ಲಿನಲ್ಲಿ ನಿಲ್ಲುವ ಕಾರಿಗೆ ಉಪಯೋಗವಿಲ್ಲ.

ಪೇಟೆಯಲ್ಲಿ ನಿಲ್ಲುವ ಕಾರಿಗೆ ಉಳಿದಿರುವುದು ನೀರು ಮತ್ತು ತಾಳ್ಮೆ. ತಾಳ್ಮೆಯ ಕೆಲಸಗಳಲ್ಲಿ ನನಗೆ ಇಷ್ಟವಾದದ್ದೊಂದಿದೆ. ಬ್ಲಾಕಿನ ನೀರಿನ ದಾರಿಗಳನ್ನು ಟೊಳ್ಳಾಗಿ ಬಿಡಲು ಎರಕದ ಹೊತ್ತಿನಲ್ಲಿ ಮರಳಿನ ತಿರುಳು ಇಟ್ಟಿರುತ್ತಾರೆ. ಲೋಹ ತಣಿದ ಮೇಲೆ ಮರಳನ್ನು ಕೊಡವಿ ತೆಗೆಯಬೇಕು. ದಿನಕ್ಕೆ ಸಾವಿರಗಟ್ಟಲೆ ಎಂಜಿನ್ ಹೊರಬರುತ್ತಿದ್ದ ಕಾರ್ಖಾನೆಯಲ್ಲಿ ಮೂಲೆಮೂಲೆಯ ಮರಳು ಯಾರು ತೆಗೆಯುತ್ತಾರೆ? ಅದು ಅಲ್ಲೇ ಉಳಿಯಿತು, ತಿರುಳನ್ನು ಹಿಡಿದಿಡಲು ಹಾಕಿದ ತಂತಿಗಳ ಸಮೇತ. ಮೇಲೆ ದಶಕಗಳ ತುಕ್ಕಿನ ಪದರ. ಈಗ ಕಟ್ಟುವವರು ಉದ್ದ ಕಂಬಿ, ಕೇಬಲ್ಲು, ಪ್ರೆಷರ್ ವಾಷರ್ ಹಿಡಿದು ದಿನಗಟ್ಟಲೆ ಕೆರೆದು ಅದನ್ನೆಲ್ಲ ಹೊರಗೆಳೆಯುತ್ತಾರೆ. ಫೋರ್ಡ್ ಕಾರ್ಖಾನೆಯ ಎರಕದ ಮನೆಯ ಹಳೆಯ ಮರಳು ಹಿಡಿಗಟ್ಟಲೆ ನೆಲಕ್ಕೆ ಬೀಳುತ್ತದೆ. ‘ಈ ಎಂಜಿನ್ ಕುದಿಯುವ ಜಾತಿಯದು’ ಎಂಬ ಅಪವಾದದಲ್ಲಿ ಒಂದು ಪಾಲು ಈ ಮರಳಿನದು. ಆಮೇಲೆ ದಪ್ಪ ರೇಡಿಯೇಟರು, ಒಂದಿಷ್ಟು ಒತ್ತಡ ಹಿಡಿಯುವ ಮುಚ್ಚಳ. ಒತ್ತಡ ಹೆಚ್ಚಿದರೆ ನೀರಿನ ಕುದಿಬಿಂದುವೂ ಮೇಲೇರುತ್ತದೆ, ಪ್ರತಿ ಪಿಎಸ್‌ಐಗೆ ಸುಮಾರು ಒಂದೂವರೆ ಡಿಗ್ರಿಯಂತೆ. ಬಾನೆಟ್ಟಿನ ಮಗ್ಗುಲಿಗೆ ಸಾಲಾಗಿ ಗುದ್ದಿದ ಲೂವರ್ ಸೀಳುಗಳು ಅಂದಕ್ಕೆ ಇರಬಹುದು, ಆದರೆ ಬಿಸಿಗಾಳಿ ಹೊರಬೀಳುವುದೂ ಅಲ್ಲಿಂದಲೇ.

ಇಷ್ಟು ಮಾಡಿ ನೂರೈವತ್ತು ಎಚ್‌ಪಿ ಗಳಿಸಿದರೆ ಅದು ಹೋಗುವುದೆಲ್ಲಿಗೆ? ಗಾಳಿಗೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಮಡಿ. ನೆಟ್ಟಗೆ ನಿಂತ ಗಾಜು, ಬಯಲಿಗೆ ಬಿದ್ದ ಚಕ್ರ, ಗೋಡೆಯಂಥ ರೇಡಿಯೇಟರಿನ ಈ ಕೂಪೆಗೆ ಗಾಳಿಯ ಪ್ರತಿರೋಧ ಗುಣಾಂಕ ಇಂದಿನ ಕಾರುಗಳ ಇಮ್ಮಡಿ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 80 ಕಿಲೋಮೀಟರ್ ವೇಗದಲ್ಲಿ ಗಾಳಿಗಷ್ಟೇ ಸುಮಾರು 11 ಎಚ್‌ಪಿ ಬೇಕು. 160ರಲ್ಲಿ 90ರ ಹತ್ತಿರ. ಒಣಕೆರೆಯಲ್ಲಿ ನೂರು ಮೈಲಿ ದಾಟುವುದು ಯಾಕೆ ಅಷ್ಟು ದೊಡ್ಡ ಮಾತಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಕಾರ್ಖಾನೆಯಿಂದ ಬಂದ 65ರಲ್ಲಿ ಅದು ಸಾಧ್ಯವೇ ಇರಲಿಲ್ಲ.

ಕೂಪೆಯ ನೆತ್ತಿಯನ್ನು ಕತ್ತರಿಸಿ ಇಳಿಸುವ ರೂಢಿಗೆ ಒಂದು ಕಾರಣ ಇದೇ. ಅದಕ್ಕೆ ‘ಚಾಪ್’ ಎನ್ನುತ್ತಾರೆ. ಪಿಯರ್ಸನ್ ಸಹೋದರರು 1934ರ ಕೂಪೆಯೊಂದರ ಛಾವಣಿಯನ್ನು ಕಿಟಕಿಗಳು ಬರೀ ಸೀಳಿನಂತೆ ಉಳಿಯುವಷ್ಟು ಇಳಿಸಿ, ಮುಂಗಾಜನ್ನು ಹಿಂದಕ್ಕೆ ಮಲಗಿಸಿ, ಫ್ಲಾಟ್‌ಹೆಡ್ ಎಂಜಿನ್ನಿನಲ್ಲೇ ಗಂಟೆಗೆ 150 ಮೈಲಿಯ ಆಸುಪಾಸು ಓಡಿಸಿದರು. ಅದುವರೆಗೆ ತೆರೆದ ರೋಡ್‌ಸ್ಟರುಗಳೇ ನಿಜವಾದ ಓಟದ ಕಾರು, ಕೂಪೆಯೆಂದರೆ ಎರಡನೇ ದರ್ಜೆ ಎಂಬ ಭಾವನೆಯಿತ್ತು. ರಸ್ತೆಯ ಕಾರಿಗೆ ಅಷ್ಟು ಇಳಿಸುವ ಅಗತ್ಯವಿಲ್ಲ, ಎರಡು ಮೂರು ಇಂಚು ಸಾಕು.

ಆ ಎರಡು ಮೂರು ಇಂಚಿಗೆ ಒಂದೆರಡು ವರ್ಷ ಹಿಡಿದದ್ದಿದೆ. ಛಾವಣಿಯನ್ನು ಹೊತ್ತ ಕಂಬಗಳು ಮೇಲೆ ಹೋದಂತೆ ತುಸು ಒಳಕ್ಕೆ ವಾಲಿರುತ್ತವೆ. ನಡುವಿನ ತುಂಡು ತೆಗೆದು ಮೇಲಿನದನ್ನು ಕೆಳಗಿಳಿಸಿದರೆ ಎರಡೂ ಕೂಡುವುದಿಲ್ಲ. ಡ್ಯೂಸಿನ ಕಂಬಗಳು ಹೆಚ್ಚುಕಡಿಮೆ ನೆಟ್ಟಗಿರುವುದು ಪುಣ್ಯ. 1940ರ ದಶಕದ ಉರುಟು ಕಾರುಗಳಲ್ಲಿ ಛಾವಣಿಯನ್ನು ನಾಲ್ಕು ಹೋಳು ಮಾಡಿ ನಡುವೆ ತಗಡು ಸೇರಿಸಬೇಕಾಗುತ್ತದೆ. ಗಾಜನ್ನೂ ಕತ್ತರಿಸಬೇಕು. ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆಯಿರುವ ಲ್ಯಾಮಿನೇಟೆಡ್ ಗಾಜನ್ನು ಗೀರಿ ಮುರಿಯಬಹುದು. ಟಫನ್ಡ್ ಗಾಜಿನ ಮೈಯಲ್ಲಿ ಒತ್ತಡವನ್ನೂ ಹೊಟ್ಟೆಯಲ್ಲಿ ಸೆಳೆತವನ್ನೂ ಬೇಕೆಂದೇ ಕೂಡಿಟ್ಟಿರುತ್ತಾರೆ. ಗೀರು ಒಳಗೆ ತಾಗಿತೆಂದರೆ ಇಡೀ ಹಾಳೆ ಕ್ಷಣದಲ್ಲಿ ಕಾಳುಕಾಳಾಗುತ್ತದೆ.

ತಗಡಿನ ವಿಷಯಕ್ಕೆ ಬರೋಣ, ಯಾಕೆಂದರೆ ವರ್ಷಗಳು ನಿಜವಾಗಿ ಕರಗುವುದು ಇಲ್ಲಿ. ಬಾಡಿಯ ಉಕ್ಕಿನ ದಪ್ಪ ಸುಮಾರು ಒಂದು ಮಿಲಿಮೀಟರ್. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎನ್ನುವ ಕೆಲಸ ಇದೇ: ಒಳಗೆ ಡಾಲಿ ಎಂಬ ಉಕ್ಕಿನ ಗಟ್ಟಿ ಹಿಡಿದು ಹೊರಗಿಂದ ಸುತ್ತಿಗೆಯಲ್ಲಿ ತಟ್ಟುವುದು. ತಟ್ಟಿದರೆ ಲೋಹ ಬಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೇಗೆ ಬಗ್ಗುತ್ತದೆ ಎಂಬುದು ಬಹಳ ಕಾಲ ಒಗಟಾಗಿತ್ತು. ಹರಳಿನೊಳಗೆ ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಒಟ್ಟಿಗೆ ಜಾರಬೇಕಿದ್ದರೆ ಲೋಹಗಳು ನಾವು ಕಾಣುವುದಕ್ಕಿಂತ ನೂರಾರು ಪಟ್ಟು ಗಟ್ಟಿಯಾಗಿರಬೇಕಿತ್ತು. 1934ರಲ್ಲಿ, ಪಿಯರ್ಸನ್ನರ ಕೂಪೆ ಕಾರ್ಖಾನೆಯಿಂದ ಹೊರಬಂದ ಕಾಲಕ್ಕೇ, ಜೆಫ್ರಿ ಟೇಲರ್, ಈಗನ್ ಒರೋವನ್, ಮೈಕೆಲ್ ಪೊಲಾನಿ ಎಂಬ ಮೂವರು ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಹರಳಿನ ಸಾಲುಗಳಲ್ಲಿ ಅಲ್ಲಲ್ಲಿ ಒಂದು ಅರ್ಧಸಾಲು ಹೆಚ್ಚಾಗಿ ತುರುಕಿಕೊಂಡಿರುತ್ತದೆ. ಆ ತಪ್ಪು ಒಂದೊಂದೇ ಹೆಜ್ಜೆ ಸರಿಯುತ್ತದೆ, ಇಡೀ ಪದರ ಏಕಕಾಲಕ್ಕೆ ಜಾರಬೇಕಿಲ್ಲ. ಇದಕ್ಕೆ ಡಿಸ್‌ಲೊಕೇಶನ್ ಎಂದು ಹೆಸರು. ಮೆತ್ತಗಿನ ಲೋಹದಲ್ಲಿ ಇವು ವಿರಳ. ತಟ್ಟಿದಷ್ಟೂ ಸಾವಿರ, ಹತ್ತುಸಾವಿರ ಪಟ್ಟು ಹೆಚ್ಚುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಯಾವುದೂ ಸರಿಯಲಾರದೆ ತಗಡು ಬಿರುಸಾಗುತ್ತದೆ. ಇನ್ನೂ ತಟ್ಟಿದರೆ ಸೀಳುತ್ತದೆ. ಕೆಂಪಗೆ ಕಾಯಿಸಿದರೆ ಹೊಸ ಹರಳುಗಳು ಬೆಳೆದು ಮತ್ತೆ ಮೆತ್ತಗಾಗುತ್ತದೆ.

ಅನುಭವವಿಲ್ಲದವರು ತಗ್ಗು ಸರಿಮಾಡಲು ತಟ್ಟಿ ತಟ್ಟಿ ತಗಡನ್ನು ಹಿಗ್ಗಿಸಿಬಿಡುತ್ತಾರೆ. ಹಿಗ್ಗಿದ ತಗಡಿಗೆ ಇದ್ದ ಜಾಗ ಸಾಲದು. ಅದು ಉಬ್ಬುತ್ತದೆ, ಬೆರಳಲ್ಲಿ ಒತ್ತಿದರೆ ಟಪ್ಪೆಂದು ಒಳಹೋಗಿ ಮತ್ತೆ ಹೊರಬರುತ್ತದೆ. ಹಿಗ್ಗಿದ್ದನ್ನು ಕುಗ್ಗಿಸಲು ಬಿಸಿಯೇ ಬೇಕು. ಎರಡು ಸೆಂಟಿಮೀಟರ್ ಅಗಲದ ಒಂದು ಚುಕ್ಕೆಯನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಏಳುನೂರು ಡಿಗ್ರಿ ಏರಿದ ಉಕ್ಕು ಶೇಕಡ 0.8ರಷ್ಟು ಹಿಗ್ಗಲು ನೋಡುತ್ತದೆ. ಎರಡು ಸೆಂಟಿಮೀಟರಿಗೆ ಅದು ಮಿಲಿಮೀಟರಿನ ಆರನೇ ಒಂದು ಭಾಗ. ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಕೆಂಪಗಿರುವ ಲೋಹ ಮೆತ್ತಗಿರುವುದರಿಂದ ಅದೇ ಸೋತು ತನ್ನೊಳಗೆ ತಾನೇ ದಪ್ಪಗಾಗುತ್ತದೆ. ತಣಿಯುವಾಗ ಮಾತ್ರ ಅದು ಗಟ್ಟಿಯಾಗುತ್ತ ಕುಗ್ಗುತ್ತದೆ, ಕುಗ್ಗುತ್ತ ಸುತ್ತಲಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬ್ಲಾಕನ್ನು ಸೀಳಿದ್ದು ಇದೇ ಜಗಳ. ಎರಕದ ಕಬ್ಬಿಣ ಬಗ್ಗದೆ ಒಡೆಯಿತು, ಮೆತ್ತಗಿನ ಉಕ್ಕು ಒಡೆಯದೆ ಬಗ್ಗುತ್ತದೆ. ಛಾವಣಿಯ ಬೆಸುಗೆಯ ಉದ್ದಕ್ಕೂ ತಗಡು ಸೊಟ್ಟಗಾಗುವುದಕ್ಕೂ ಕಾರಣ ಇದೇ. ಬಲ್ಲವರು ಒಂದೇ ಉಸಿರಿಗೆ ಬೆಸೆಯುವುದಿಲ್ಲ. ಅರ್ಧ ಇಂಚು ಇಲ್ಲಿ, ಅರ್ಧ ಇಂಚು ಅಲ್ಲಿ, ತಣಿಯುವವರೆಗೆ ಕಾಯುತ್ತಾರೆ, ಕುಗ್ಗಿದ ಬೆಸುಗೆಯನ್ನು ತಟ್ಟಿ ಹಿಗ್ಗಿಸುತ್ತಾರೆ, ಮುಂದಕ್ಕೆ ಹೋಗುತ್ತಾರೆ.

ಬೆಸುಗೆಯ ಮೇಲಿನ ಏರುತಗ್ಗನ್ನು ಇಂದು ಪುಟ್ಟಿ ಮೆತ್ತಿ ಉಜ್ಜಿಬಿಡಬಹುದು. ಹಳೆಯ ಸಂಪ್ರದಾಯದವರು ಸೀಸವನ್ನೇ ಹಿಡಿದಿದ್ದಾರೆ. ಮೊದಲು ಉಕ್ಕಿಗೆ ತವರ ಸವರುತ್ತಾರೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು ನವಸಾಗರ ಉದುರಿಸಿ, ಬಿಸಿ ಪಾತ್ರೆಯ ಮೈಗೆ ತವರ ಬಳಿದು ಬಟ್ಟೆಯಲ್ಲಿ ಒರೆಸುವ ಹಾಗೆಯೇ. ಅದರ ಮೇಲೆ ಹಚ್ಚುವ ಬೆಸುಗೆಲೋಹದಲ್ಲಿ ಶೇಕಡ 70 ಸೀಸ, 30 ತವರ. ಈ ಪ್ರಮಾಣದಲ್ಲೇ ಗುಟ್ಟಿದೆ. ತವರ ಶೇಕಡ 62ರಷ್ಟಿದ್ದರೆ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಘನದಿಂದ ನೇರ ನೀರಾಗುತ್ತದೆ. ಎಲೆಕ್ಟ್ರಾನಿಕ್ಸ್ ಬೆಸುಗೆಗೆ ಅದು ಒಳ್ಳೆಯದು, ಗೋಡೆಯಂತೆ ನಿಂತ ತಗಡಿನಿಂದ ಮಾತ್ರ ಹರಿದು ಬೂಟಿನ ಮೇಲೆ ಬೀಳುತ್ತದೆ. 30-70ರ ಮಿಶ್ರಣ 183ರಲ್ಲಿ ಕರಗಲು ಶುರುವಾಗಿ 250 ದಾಟಿದ ಮೇಲಷ್ಟೇ ಪೂರ್ತಿ ದ್ರವವಾಗುತ್ತದೆ. ನಡುವಿನ ಎಪ್ಪತ್ತು ಡಿಗ್ರಿ ಅದು ಬೆಣ್ಣೆಯ ಹದದಲ್ಲಿರುತ್ತದೆ: ದ್ರವದೊಳಗೆ ಸೀಸದ ಹರಳುಗಳು ತೇಲುವ ಮುದ್ದೆ. ಅಷ್ಟರಲ್ಲಿ ಮೇಣ ಸವರಿದ ಮರದ ಹಲಗೆಯಿಂದ ಅದನ್ನು ತಿದ್ದಿ ತೀಡಬೇಕು. ತಣಿದ ಮೇಲೆ ಅರದಲ್ಲಿ ಅರೆಯುತ್ತಾರೆ. ಮೆಷಿನ್ನಿನಲ್ಲಿ ಉಜ್ಜಿದರೆ ಸೀಸದ ನಯವಾದ ದೂಳು ಪುಪ್ಪುಸಕ್ಕೆ ಹೋಗುತ್ತದೆ. ಬಣ್ಣ ಬಳಿಯುವ ಮೊದಲು ತವರ ಹಿಡಿಯಲೆಂದು ಹಚ್ಚಿ ಅಂಟಿ ಉಳಿದ ಫ್ಲಕ್ಸಿನ ಆಮ್ಲವನ್ನು ಚೆನ್ನಾಗಿ ತೊಳೆಯದಿದ್ದರೆ ಎರಡು ಮೂರು ವರ್ಷದ ಬಳಿಕ ಬಣ್ಣದಡಿಯಲ್ಲಿ ಗುಳ್ಳೆಗಳು ಏಳುತ್ತವೆ. ತಪ್ಪು ಇಷ್ಟು ತಡವಾಗಿ ಗೊತ್ತಾಗುವ ಕೆಲಸದಲ್ಲಿ ಅವಸರ ಮಾಡುವವರು ಕಡಿಮೆ.

ಚಾಸಿಯದ್ದು ಬೇರೆಯದೇ ಲೆಕ್ಕ. ಡ್ಯೂಸಿನ ಉದ್ದನೆಯ ಎರಡು ತೊಲೆಗಳು ಒಂದು ಮಗ್ಗುಲು ತೆರೆದ ‘ಸಿ’ ಆಕಾರದವು. ಬಾಗುವುದನ್ನು ಅವು ತಡೆಯುತ್ತವೆ, ತಿರುಚುವುದನ್ನು ತಡೆಯುವುದಿಲ್ಲ. ತೆರೆದ ಮಗ್ಗುಲಿಗೆ ಪಟ್ಟಿ ಬೆಸೆದು ಪೆಟ್ಟಿಗೆಯಾಗಿಸಿದರೆ ತಿರುಚಿಗೆ ಒಡ್ಡುವ ಬಿರುಸು ನೂರಾರು ಪಟ್ಟು ಏರುತ್ತದೆ, ತೂಕ ಏರುವುದು ಕೆಲವೇ ಕಿಲೋ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ಕೆಲಸ ಇಡೀ ಕಾರಿನಲ್ಲಿ ಇನ್ನೊಂದಿಲ್ಲ.

ಬ್ರೇಕಿಗೆ ಬಂದರೆ ಮತ್ತೆ ಬಿಸಿ. 1932ರಲ್ಲಿದ್ದುದು ಸರಳುಗಳು ಎಳೆಯುವ ಯಾಂತ್ರಿಕ ಬ್ರೇಕು. ನಾಲ್ಕು ಚಕ್ರಕ್ಕೂ ಸಮನಾಗಿ ಹಂಚುವುದು ಅದೃಷ್ಟದ ಮಾತು. ಬೇರೆ ಕಂಪನಿಗಳು ಹೈಡ್ರಾಲಿಕ್ ಬ್ರೇಕಿಗೆ ಹೋಗಿ ವರ್ಷಗಳಾದರೂ ಹೆನ್ರಿ ಫೋರ್ಡ್ ಒಪ್ಪಲಿಲ್ಲ. ಕೊನೆಗೆ ಬಗ್ಗಿದ್ದು 1939ರ ಮಾದರಿಗೆ. ಹಾಟ್ ರಾಡಿನವರು ಆ ವರ್ಷದ ನಂತರದ ಬ್ರೇಕುಗಳನ್ನು ಗುಜರಿಯಲ್ಲಿ ಹುಡುಕಿ ಡ್ಯೂಸಿಗೆ ಹಾಕಿಕೊಂಡರು. ಹೈಡ್ರಾಲಿಕ್ ಬ್ರೇಕು ಬಲವನ್ನು ಸಮನಾಗಿ ಹಂಚುತ್ತದೆ, ಬಿಸಿಯನ್ನು ಮಾಯ ಮಾಡುವುದಿಲ್ಲ. ಸಾವಿರದ ನೂರು ಕಿಲೋ ತೂಗುವ ಕಾರು 100 ಕಿಲೋಮೀಟರ್ ವೇಗದಿಂದ ನಿಂತರೆ ಡ್ರಮ್ಮುಗಳಿಗೆ ಇಳಿಯುವ ಬಿಸಿಯಲ್ಲಿ ಒಂದೂಕಾಲು ಲೀಟರ್ ತಣ್ಣೀರು ಕುದಿಯುತ್ತದೆ. 160ರಿಂದ ನಿಂತರೆ ಮೂರು ಲೀಟರಿಗಿಂತ ಹೆಚ್ಚು. ಡ್ರಮ್ಮು ಕಾದು ಹಿಗ್ಗಿದಾಗ ಒಳಗಿನ ಶೂನಿಂದ ದೂರ ಸರಿಯುತ್ತದೆ, ಪೆಡಲು ಇನ್ನಷ್ಟು ಕೆಳಗೆ ಹೋಗುತ್ತದೆ. ಎಂಜಿನ್ನಿಗೆ ಎರಡು ಕಾರ್ಬ್ಯುರೇಟರ್ ಹಾಕುವಾಗ ಈ ಡ್ರಮ್ಮಿನ ನೆನಪು ಯಾರಿಗೂ ಇರುವುದಿಲ್ಲ.

ಇದನ್ನೆಲ್ಲ ತಪ್ಪಿಸಿಕೊಳ್ಳುವ ದಾರಿಗಳು ಇಲ್ಲವೆಂದಲ್ಲ. ಷೆವರ್ಲೆ 1955ರಲ್ಲಿ ತಲೆಯ ಮೇಲೆ ವಾಲ್ವುಗಳಿರುವ ಸಣ್ಣ ವಿ-8 ತಂದಿತು: 265 ಘನ ಇಂಚು, 162 ಎಚ್‌ಪಿ, ಪೆಟ್ಟಿಗೆಯಿಂದ ಹೊರತೆಗೆದ ಹಾಗೆಯೇ. ಫ್ಲಾಟ್‌ಹೆಡ್ಡಿನ ಯುಗ ಅಲ್ಲಿಗೆ ಮುಗಿಯಿತು. ಇಂದು ಹೊಸ ಉಕ್ಕಿನಲ್ಲಿ ಒತ್ತಿದ ಡ್ಯೂಸ್ ಬಾಡಿಗಳೂ ಕೊಳ್ಳಲು ಸಿಗುತ್ತವೆ. ಹಣವಿದ್ದರೆ ವರ್ಷದೊಳಗೆ ಕಾರು ಸಿದ್ಧ. ಅದರಲ್ಲಿ ತಪ್ಪೇನಿಲ್ಲ, ಆದರೆ ಅಂಥ ಕಾರು ಕಟ್ಟಿದವನಿಗೆ ಏನನ್ನೂ ಕಲಿಸುವುದಿಲ್ಲ ಎಂದು ನನಗನ್ನಿಸುತ್ತದೆ. ಇನ್ನೊಂದು ದಾರಿ ಕಾರ್ಖಾನೆಯಿಂದ ಬಂದಂತೆಯೇ ಉಳಿಸಿಕೊಳ್ಳುವುದು. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹ ನೋಡಿದವರಿಗೆ ಆ ಶ್ರದ್ಧೆಯ ಪರಿಚಯವಿದೆ. ಹೀಗೆ ಉಳಿಸಿಕೊಳ್ಳುವವರಿಗೂ ಹಾಟ್ ರಾಡಿನವರಿಗೂ ಬಹಳ ಕಾಲ ಮಾತುಕತೆಯೇ ಇರಲಿಲ್ಲ. ಕಾರುಗಳನ್ನು ಮೂಲಸ್ಥಿತಿಯಲ್ಲಿ ಮೆರೆಸುವ ಪೆಬಲ್ ಬೀಚ್ ಪ್ರದರ್ಶನ ಹಾಟ್ ರಾಡುಗಳಿಗೆ ಬಾಗಿಲು ತೆರೆದದ್ದು 1997ರಲ್ಲಿ. ನಮ್ಮಲ್ಲಂತೂ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಹಾಗಾಗಿ ಡ್ಯೂಸ್ ಸಂಸ್ಕೃತಿ ಇಲ್ಲಿ ಬೇರೂರುವ ಮಾತಿಲ್ಲ.

ಎಂಜಿನ್, ಚಾಸಿ, ಬಾಡಿ ಮೂರೂ ಮುಗಿದ ಮೇಲೆ ಕಾರನ್ನು ಒಮ್ಮೆ ಪೂರ್ತಿ ಜೋಡಿಸುತ್ತಾರೆ, ಬಣ್ಣವಿಲ್ಲದೆ. ಬಾಗಿಲಿನ ಸಂದು ಸಮವಾಗಿದೆಯೇ, ಸ್ಟೀರಿಂಗ್ ಸರಳು ಎಕ್ಸಾಸ್ಟಿಗೆ ತಾಗುತ್ತದೆಯೇ, ಫ್ಯಾನು ರೇಡಿಯೇಟರಿಗೆ ಬಡಿಯುತ್ತದೆಯೇ ನೋಡುತ್ತಾರೆ. ಯಾವುದೋ ಒಂದು ಬ್ರ್ಯಾಕೆಟ್ ಅರ್ಧ ಇಂಚು ಸರಿಯಬೇಕು. ಅದು ಸರಿದರೆ ಪೆಡಲು, ಪೆಡಲು ಸರಿದರೆ ನೆಲದ ತಗಡು. ಎಲ್ಲ ಹೊಂದಿದ ಮೇಲೆ ಕೊನೆಯ ಬೋಲ್ಟಿನವರೆಗೂ ಬಿಚ್ಚಿ, ಬಣ್ಣ ಬಳಿದು, ಮತ್ತೆ ಜೋಡಿಸುತ್ತಾರೆ. ಹಲವು ಕಾರುಗಳು ಈ ಬಿಚ್ಚಿದ ಸ್ಥಿತಿಯಲ್ಲೇ ಕೈ ಬದಲಾಗುತ್ತವೆ.

ಮೊದಲ ಸಲ ಚಾಲೂ ಮಾಡಿದಾಗ ಎಂಜಿನ್ನನ್ನು ನಿಧಾನಗತಿಯಲ್ಲಿ ಬಿಡುವಂತಿಲ್ಲ. ಹೊಸ ಕ್ಯಾಮಿನ ಉಬ್ಬಿಗೂ ಅದರ ಮೇಲೆ ಜಾರುವ ಟ್ಯಾಪೆಟ್ಟಿಗೂ ಇನ್ನೂ ಹೊಂದಾಣಿಕೆ ಆಗಿರುವುದಿಲ್ಲ. ಎಣ್ಣೆ ಚೆನ್ನಾಗಿ ಚಿಮ್ಮಲು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಹತ್ತಿರ ಇಪ್ಪತ್ತು ನಿಮಿಷ ಓಡಿಸಬೇಕು. ಎಣ್ಣೆಯಲ್ಲಿ ಸತು ಮತ್ತು ರಂಜಕದ ಸಂಯುಕ್ತವಿದ್ದರೆ ಒಳ್ಳೆಯದು. ಉಜ್ಜುವ ಜಾಗದ ಬಿಸಿಗೇ ಅದು ಒಡೆದು ಲೋಹದ ಮೈಮೇಲೆ ಗಾಜಿನಂಥ ರಕ್ಷಣೆಯ ಪೊರೆ ಕಟ್ಟುತ್ತದೆ. ಆ ಇಪ್ಪತ್ತು ನಿಮಿಷ ಎಲ್ಲರ ಕಣ್ಣೂ ನೀರಿನ ಉಷ್ಣಮಾಪಕದ ಮೇಲೆ. ಆಫ್ ಮಾಡಿದ ಮೇಲೂ ಹತ್ತಿರ ಹೋಗುವ ಹಾಗಿಲ್ಲ. ಹೆಡ್ಡುಗಳು ಅಲ್ಯೂಮಿನಿಯಮ್ಮಿನವಾಗಿದ್ದರೆ ಅವು ತಮ್ಮನ್ನು ಹಿಡಿದಿರುವ ಉಕ್ಕಿನ ಸ್ಟಡ್ಡುಗಳ ಇಮ್ಮಡಿ ಹಿಗ್ಗಿರುತ್ತವೆ, ನಟ್ಟುಗಳು ಇದ್ದುದಕ್ಕಿಂತ ಬಿಗಿಯಾಗಿರುತ್ತವೆ, ನಡುವಿನ ಗ್ಯಾಸ್ಕೆಟ್ ಇನ್ನೂ ಚಪ್ಪಟೆಯಾಗುತ್ತಿರುತ್ತದೆ. ಮಾರನೆಯ ದಿನ, ಬ್ಲಾಕು ಪೂರ್ತಿ ತಣಿದ ಮೇಲೆ, ಟಾರ್ಕ್ ಪಾನಾ ಹಿಡಿದು ಹೆಡ್ಡಿನ ನಡುವಿನಿಂದ ಶುರುಮಾಡಿ ಹೊರಹೊರಕ್ಕೆ ಒಂದೊಂದಾಗಿ ನಟ್ಟುಗಳನ್ನು ಬಿಗಿಸುತ್ತ ಹೋಗಬೇಕು. 1938ರ ನಂತರದ ಎಂಜಿನ್ನಾದರೆ ಒಂದೊಂದು ಹೆಡ್ಡಿಗೆ ಇಪ್ಪತ್ನಾಲ್ಕು. ಮತ್ತೆ ಚಾಲೂ ಮಾಡಿ, ಕಾಯಿಸಿ, ತಣಿಸಿ, ಇನ್ನೊಂದು ಸುತ್ತು. ಯಾವ ನಟ್ಟೂ ಇನ್ನು ತಿರುಗದ ಸ್ಥಿತಿಗೆ ಬರುವವರೆಗೆ ಕಾರು ಶೆಡ್ಡು ಬಿಟ್ಟು ಕದಲುವುದಿಲ್ಲ.